ಮಗ ಸ್ಟೇಷನ್‌ನಲ್ಲಿದ್ದಾನೆ ಅಂತ ಫೋನ್ ಬಂದರೆ: 18 ತುಂಬದ ಮಕ್ಕಳ ಅಪ್ಪ-ಅಮ್ಮಂದಿರಿಗೆ

ಸಂಜೆ ಏಳೂವರೆ. ಟ್ಯೂಷನ್ ಮುಗಿಸಿ ಬರಬೇಕಿದ್ದ ಹುಡುಗ ಇನ್ನೂ ಬಂದಿಲ್ಲ. ಅಷ್ಟರಲ್ಲಿ ಗೊತ್ತಿಲ್ಲದ ನಂಬರಿನಿಂದ ಫೋನ್. "ನಿಮ್ಮ ಹುಡುಗನ್ನ ಸ್ಟೇಷನ್ನಿಗೆ ಕರ್ಕೊಂಡು ಬಂದಿದೀವಿ, ಬನ್ನಿ." ಯಾಕೆ, ಏನು ಎಂದು ಕೇಳುವಷ್ಟರಲ್ಲಿ ಕಟ್.

ಇಂಥ ಫೋನ್ ಬಂದ ಅಪ್ಪಂದಿರನ್ನು ತಾಲ್ಲೂಕು ಕೋರ್ಟಿನ ವಕೀಲನಾಗಿ ಬೇಕಾದಷ್ಟು ನೋಡಿದ್ದೇನೆ. ಒಬ್ಬರು ಊರಿನ ಮುಖಂಡರಿಗೆ ಫೋನ್ ಹಚ್ಚುತ್ತಾರೆ. ಇನ್ನೊಬ್ಬರು ಮನೆಯಲ್ಲಿದ್ದ ದುಡ್ಡನ್ನೆಲ್ಲ ಜೇಬಿಗೆ ತುರುಕಿಕೊಂಡು ಹೊರಡುತ್ತಾರೆ. ಮತ್ತೊಬ್ಬರು ಸ್ಟೇಷನ್ ಮೆಟ್ಟಿಲು ಹತ್ತಿದ್ದೇ ಮಗನ ಕೆನ್ನೆಗೆ ಎರಡು ಬಾರಿಸಿ, "ನೀವೂ ನಾಲ್ಕು ಹಾಕಿ ಸಾರ್, ಬುದ್ಧಿ ಬರಲಿ" ಅನ್ನುತ್ತಾರೆ. ಈ ಮೂರರಿಂದಲೂ ಹುಡುಗನಿಗೆ ಏನೂ ಉಪಯೋಗವಿಲ್ಲ. ಆ ರಾತ್ರಿ ಅವನನ್ನು ಕಾಯುವುದು ಬೀರುವಿನಲ್ಲಿರುವ ಒಂದು ಹಾಳೆ. ಅವನ ವಯಸ್ಸು ಹೇಳುವ ಹಾಳೆ.

ಮೊದಲು ಬೀರು ತೆಗೆಯಿರಿ

18 ವರ್ಷ ತುಂಬದವರ ಮೇಲೆ ಅಪರಾಧದ ಆರೋಪ ಬಂದರೆ ಅವರಿಗೆ ಬೇರೆಯದೇ ದಾರಿ ಇದೆ. ಅದನ್ನು ಹಾಕಿಕೊಟ್ಟಿರುವುದು 2015ರ ಬಾಲ ನ್ಯಾಯ ಕಾಯ್ದೆ. 2016ರ ಜನವರಿ 15ರಿಂದ ಜಾರಿಯಲ್ಲಿದೆ. 2024ರ ಜುಲೈ 1ಕ್ಕೆ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತಲ್ಲ, ಆಗ ಮಕ್ಕಳ ಕಾನೂನೂ ಬದಲಾಯಿತಾ ಅಂತ ತುಂಬ ಜನ ಕೇಳುತ್ತಾರೆ. ಇಲ್ಲ. ಕಳ್ಳತನ, ಹೊಡೆದಾಟದ ಸೆಕ್ಷನ್ ನಂಬರುಗಳು ಬದಲಾದವು. ಮಕ್ಕಳ ದಾರಿ ಹಾಗೇ ಇದೆ.

ಈ ದಾರಿಗೆ ಹೋಗಲು ಟಿಕೆಟ್ ಒಂದೇ, ವಯಸ್ಸು. ಅದನ್ನು ಘಟನೆ ನಡೆದ ದಿನದ ಲೆಕ್ಕದಲ್ಲಿ ನೋಡುತ್ತಾರೆ. ಹಿಡಿದ ದಿನದ್ದಲ್ಲ, ಕೇಸ್ ನಡೆಯುವ ದಿನದ್ದೂ ಅಲ್ಲ. ಘಟನೆ ನಡೆದಾಗ 17 ವರ್ಷ 11 ತಿಂಗಳು, ವಿಚಾರಣೆ ಮುಗಿಯುವ ಹೊತ್ತಿಗೆ 19 ಆದರೂ ಅವನು ಕಾನೂನಿನ ಕಣ್ಣಿಗೆ ಮಗುವೇ.

ಯಾವ ಕಾಗದ ನಡೆಯುತ್ತದೆ ಎಂದು ಕಾಯ್ದೆಯ 94ನೇ ಕಲಮು ಸಾಲಾಗಿ ಹೇಳಿದೆ. ಮೊದಲು ಶಾಲೆ ಕೊಟ್ಟ ಜನ್ಮ ದಿನಾಂಕದ ಪ್ರಮಾಣ ಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಅದಿಲ್ಲದಿದ್ದರೆ ಮಹಾನಗರ ಪಾಲಿಕೆ, ಪುರಸಭೆ ಅಥವಾ ಪಂಚಾಯಿತಿಯ ಜನನ ಪ್ರಮಾಣ ಪತ್ರ. ಎರಡೂ ಇಲ್ಲ ಅಂದಾಗ ಮಾತ್ರ ಮೂಳೆ ನೋಡಿ ವಯಸ್ಸು ಹೇಳುವ ವೈದ್ಯಕೀಯ ಪರೀಕ್ಷೆ. ಆ ಪರೀಕ್ಷೆಯಲ್ಲಿ ಒಂದೆರಡು ವರ್ಷ ಆಚೆ ಈಚೆ ಆಗುತ್ತದೆ. ಆದ್ದರಿಂದ ಅದರ ತನಕ ಹೋಗದಿರುವುದೇ ಒಳ್ಳೆಯದು.

ಆಧಾರ್ ಕಾರ್ಡ್ ಹಿಡಿದು ಓಡುವವರೇ ಜಾಸ್ತಿ. ಈ ಪಟ್ಟಿಯಲ್ಲಿ ಆಧಾರ್ ಇಲ್ಲವೇ ಇಲ್ಲ. 2024ರ ಅಕ್ಟೋಬರ್‌ನಲ್ಲಿ ಅಪಘಾತ ಪರಿಹಾರದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ವಯಸ್ಸಿಗೆ ಆಧಾರ್ ಅಲ್ಲ, ಶಾಲೆಯ ಪ್ರಮಾಣ ಪತ್ರವನ್ನೇ ನೋಡಬೇಕು ಎಂದಿತು.

ಇಲ್ಲಿ ನಮ್ಮ ಕಡೆಯ ಒಂದು ಹಳೆಯ ಕಾಯಿಲೆ ಅಡ್ಡ ಬರುತ್ತದೆ. "ಒಂದನೇ ಕ್ಲಾಸಿಗೆ ಬೇಗ ಸೇರಿಸೋಣ" ಅಂತ ಎಂಟು ತಿಂಗಳೋ ಹತ್ತು ತಿಂಗಳೋ ವಯಸ್ಸು ಜಾಸ್ತಿ ಬರೆಸಿರುತ್ತೇವೆ. ಜನನ ಪ್ರಮಾಣ ಪತ್ರದಲ್ಲಿ ಒಂದು ತಾರೀಖು, ಶಾಲೆಯ ದಾಖಲಾತಿ ಪುಸ್ತಕದಲ್ಲಿ ಇನ್ನೊಂದು. ಸಾಲಿನಲ್ಲಿ ಶಾಲೆಯದ್ದು ಮೊದಲು ಬರುವುದರಿಂದ, ನಿಜವಾಗಿ 17ರ ಹುಡುಗ ಕಾಗದದಲ್ಲಿ 18 ದಾಟಿ ದೊಡ್ಡವರ ಜೈಲಿಗೆ ಹೋಗಬಹುದು. ಅಪ್ಪ ಅಂದು ಉಳಿಸಿದ ಒಂದು ವರ್ಷಕ್ಕೆ ಮಗ ತೆರುವ ಬೆಲೆ ಅದು. ನಿಮ್ಮ ಮನೆಯಲ್ಲಿ ಹೀಗಿದ್ದರೆ ಈಗಲೇ ಸರಿಪಡಿಸಿಕೊಳ್ಳಿ. ಅಷ್ಟರೊಳಗೆ ಕೇಸ್ ಬಂದೇ ಬಿಟ್ಟಿದ್ದರೆ ಎರಡೂ ಕಾಗದ ವಕೀಲರ ಕೈಗೆ ಕೊಟ್ಟು ವ್ಯತ್ಯಾಸ ಯಾಕೆ ಬಂತು ಎಂದು ನಿಜ ಹೇಳಿ. ತಿದ್ದಿದ ಹಾಳೆ ತಯಾರಿಸಲು ಮಾತ್ರ ಹೋಗಬೇಡಿ. ಆಗ ಹುಡುಗನ ಕೇಸಿನ ಜೊತೆಗೆ ಅಪ್ಪನದೂ ಒಂದು ಕೇಸ್ ಆಗುತ್ತದೆ.

ವಯಸ್ಸಿನ ಮಾತನ್ನು ಯಾವ ಹಂತದಲ್ಲಾದರೂ ಎತ್ತಬಹುದು, ಶಿಕ್ಷೆ ಆದ ಮೇಲೂ. ಆದರೆ ಮೊದಲ ದಿನ ಎತ್ತಿದರೆ ಹುಡುಗನಿಗೆ ಜೈಲಿನ ರಾತ್ರಿಗಳು ತಪ್ಪುತ್ತವೆ.

ಸ್ಟೇಷನ್ ಒಳಗೆ

ಕಾಗದ, ಅದರ ಜೆರಾಕ್ಸ್ ಮೂರ್ನಾಲ್ಕು, ಹುಡುಗನಿಗೆ ಒಂದು ಜೊತೆ ಬಟ್ಟೆ, ದಿನಾ ತೆಗೆದುಕೊಳ್ಳುವ ಮಾತ್ರೆ ಇದ್ದರೆ ಅದು. ಸಾಧ್ಯವಾದರೆ ಅಪ್ಪ-ಅಮ್ಮ ಇಬ್ಬರೂ ಹೋಗಿ. ಇಪ್ಪತ್ತು ಜನ ನೆಂಟರನ್ನು ಕಟ್ಟಿಕೊಂಡು ಹೋಗಬೇಡಿ. ಜನ ಜಾಸ್ತಿಯಾದಷ್ಟೂ ಗಲಾಟೆ ಜಾಸ್ತಿ, ಸುದ್ದಿಯೂ ಜಾಸ್ತಿ.

ರೈಟರ್ ಹತ್ತಿರ ಹೋಗಿ ಮೊದಲು ಹೇಳಬೇಕಾದ ಮಾತು ಇದು: "ಸಾರ್, ಹುಡುಗನಿಗೆ ಇನ್ನೂ 18 ತುಂಬಿಲ್ಲ, ಇಗೋ ಕಾಗದ. ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಯಾರು?" ಪ್ರತಿ ಠಾಣೆಯಲ್ಲೂ ಏಎಸ್‌ಐ ಅಥವಾ ಅದಕ್ಕಿಂತ ಮೇಲಿನ ದರ್ಜೆಯ ಒಬ್ಬರಾದರೂ ಆ ಕೆಲಸಕ್ಕೆ ನೇಮಕವಾಗಿರಬೇಕು. ಪ್ರತಿ ಜಿಲ್ಲೆಯಲ್ಲಿ ವಿಶೇಷ ಬಾಲ ಪೊಲೀಸ್ ಘಟಕ ಅಂತಲೂ ಒಂದಿರಬೇಕು. ಹುಡುಗನನ್ನು ಇವರಿಬ್ಬರಲ್ಲಿ ಒಬ್ಬರಿಗೆ ಒಪ್ಪಿಸಬೇಕು ಎನ್ನುತ್ತದೆ ಕಾಯ್ದೆ. ಹಾಗೆ ಕೇಳುವವರು ಬಂದಿದ್ದಾರೆ ಎಂದು ಗೊತ್ತಾದರೇ ಸ್ಟೇಷನ್ನಿನ ಗಾಳಿ ಸ್ವಲ್ಪ ಬದಲಾಗುತ್ತದೆ. ಇದು ಅನುಭವದ ಮಾತು. ದನಿ ಮಾತ್ರ ಏರಿಸಬೇಡಿ.

ಆಮೇಲೆ ಕಣ್ಣು ತೆರೆದು ನೋಡಿ. ಹುಡುಗ ಎಲ್ಲಿ ಕೂತಿದ್ದಾನೆ? ಲಾಕಪ್ಪಿನಲ್ಲಿ ಇರಕೂಡದು. ಯಾವ ಅಪರಾಧವೇ ಇರಲಿ, ಕೊಲೆಯೇ ಇರಲಿ, ಮಗುವನ್ನು ಲಾಕಪ್ಪಿಗಾಗಲಿ ಜೈಲಿಗಾಗಲಿ ಹಾಕುವಂತಿಲ್ಲ. ಬೇಡಿ ಹಾಕುವಂತಿಲ್ಲ. ಅವನ ಜೊತೆ ವ್ಯವಹರಿಸುವ ಅಧಿಕಾರಿ ಸಮವಸ್ತ್ರದಲ್ಲಿ ಇರಕೂಡದು. ಪ್ರಶ್ನೆ ಕೇಳುವಾಗ ನೀವು ಪಕ್ಕದಲ್ಲಿ ಕೂರಬಹುದು. ತಪ್ಪೊಪ್ಪಿಕೊಳ್ಳುವಂತೆ ಒತ್ತಾಯಿಸುವಂತಿಲ್ಲ. ಹೆಣ್ಣು ಮಗುವಾದರೆ ಮಹಿಳಾ ಪೊಲೀಸರು ಇದ್ದಾರಾ ನೋಡಿ, ಇಲ್ಲದಿದ್ದರೆ ಕರೆಸಲು ಕೇಳಿ.

ಎಲ್ಲಕ್ಕಿಂತ ಮುಖ್ಯವಾದದ್ದು ಸಹಿ. ಮಗುವಿನಿಂದ ಯಾವ ಹೇಳಿಕೆಗೂ ಸಹಿ ಹಾಕಿಸಿಕೊಳ್ಳಬಾರದು ಎಂದು ಇದೇ ಕಾಯ್ದೆಯಡಿ ಬಂದ 2016ರ ಮಾದರಿ ನಿಯಮಗಳಲ್ಲಿ ಸ್ಪಷ್ಟವಾಗಿ ಬರೆದಿದೆ. ನೀವೂ ಓದದೆ ಸಹಿ ಹಾಕಬೇಡಿ. ಸಣ್ಣ ವಿಷಯಗಳಲ್ಲಿ "ಮುಚ್ಚಳಿಕೆ ಬರ್ದು ಕರ್ಕೊಂಡು ಹೋಗಿ" ಅನ್ನುವುದು ನಮ್ಮ ಸ್ಟೇಷನ್‌ಗಳ ವಾಡಿಕೆ. "ಮಗನನ್ನು ಕರೆದಾಗ ಹಾಜರುಪಡಿಸುತ್ತೇನೆ, ನೋಡಿಕೊಳ್ಳುತ್ತೇನೆ" ಎಂದಷ್ಟೇ ಇದ್ದರೆ ಬರೆದುಕೊಡಿ, ಒಂದು ಫೋಟೋ ತೆಗೆದುಕೊಳ್ಳಿ. "ನನ್ನ ಮಗ ಕಳ್ಳತನ ಮಾಡಿರುವುದು ನಿಜ" ಎಂಬ ಸಾಲು ನಡುವೆ ನುಸುಳಿದ್ದರೆ ಅದನ್ನು ತೆಗೆಸದೆ ಪೆನ್ನು ಮುಟ್ಟಬೇಡಿ. ನೀವು ಆ ಹೊತ್ತಿಗೆ ಅಲ್ಲಿರಲೇ ಇಲ್ಲವಲ್ಲ, ನಿಜ ಅಂತ ಬರೆದುಕೊಡಲು ನಿಮಗೆ ಹೇಗೆ ಗೊತ್ತು?

ಮೊಬೈಲ್ ವಶಕ್ಕೆ ತೆಗೆದುಕೊಂಡರೆ ಮಹಜರಿನಲ್ಲಿ ಬರೆಸಿ. ಅದಕ್ಕೂ ಮೊದಲು "ಚಾಟ್ ಎಲ್ಲ ಡಿಲೀಟ್ ಮಾಡಪ್ಪ" ಅನ್ನುವ ಜಾಣ ಮಾವಂದಿರು ಒಬ್ಬರಾದರೂ ಇರುತ್ತಾರೆ. ಕೇಳಬೇಡಿ. ಸಾಕ್ಷ್ಯ ಅಳಿಸಿದರು ಎಂಬ ಹೊಸ ತಲೆನೋವು ಬೇಡ. ಎಷ್ಟೋ ಸಲ ಹುಡುಗನನ್ನು ಉಳಿಸುವ ಮೆಸೇಜೂ ಅದರಲ್ಲೇ ಇರುತ್ತದೆ.

ವಕೀಲರು ಬೇಕು. ಆದರೆ ಆ ರಾತ್ರಿಯೇ ಸಾಲ ಮಾಡಿ ದೊಡ್ಡ ವಕೀಲರನ್ನು ಹಿಡಿಯಬೇಕಿಲ್ಲ. ಈ ಮಾತನ್ನು ಒಬ್ಬ ವಕೀಲನೇ ಹೇಳುತ್ತಿದ್ದಾನೆ ಅಂದರೆ ನಂಬಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಮಕ್ಕಳಿಗೆ ಉಚಿತ ವಕೀಲರು ಸಿಗುತ್ತಾರೆ. ಅಪ್ಪನ ಸಂಬಳ ಎಷ್ಟು ಅಂತ ಯಾರೂ ಕೇಳುವುದಿಲ್ಲ. 15100ಕ್ಕೆ ಫೋನ್ ಮಾಡಿ, ಅಥವಾ ನಿಮ್ಮ ಕೋರ್ಟ್ ಆವರಣದಲ್ಲೇ ಇರುವ ತಾಲ್ಲೂಕು ಇಲ್ಲವೇ ಜಿಲ್ಲಾ ಕಾನೂನು ಸೇವಾ ಕಚೇರಿಗೆ ಹೋಗಿ. ಹುಡುಗನನ್ನು ಎಲ್ಲಿಟ್ಟಿದ್ದಾರೆ ಎಂದೇ ಹೇಳುತ್ತಿಲ್ಲ, ಹೊಡೆಯುತ್ತಿದ್ದಾರೆ ಅನ್ನುವ ಸ್ಥಿತಿ ಇದ್ದರೆ 1098, ಮಕ್ಕಳ ಸಹಾಯವಾಣಿ.

ಎಫ್‌ಐಆರ್ ಆಗುತ್ತದಾ?

ಬಹುಪಾಲು ಸಲ ಆಗಬಾರದು. ಇದು ಕೇಳಿದವರಿಗೆ ಆಶ್ಚರ್ಯವಾಗುತ್ತದೆ, ಕೆಲವು ಪೊಲೀಸರಿಗೂ ಆಗುತ್ತದೆ.

ಮಕ್ಕಳ ಅಪರಾಧವನ್ನು ಕಾಯ್ದೆ ಮೂರು ಗುಂಪು ಮಾಡಿದೆ. ಸಣ್ಣ ಅಪರಾಧ ಅಂದರೆ ಗರಿಷ್ಠ ಶಿಕ್ಷೆ 3 ವರ್ಷದೊಳಗೆ ಇರುವಂಥದ್ದು. ಮೊಬೈಲ್ ಕದ್ದದ್ದು, ಸರ ಕಿತ್ತದ್ದು, ಸಾಮಾನ್ಯ ಹೊಡೆದಾಟ, ಒಂದು ಕೆಜಿಯೊಳಗಿನ ಗಾಂಜಾ ಎಲ್ಲ ಇಲ್ಲಿ ಬರುತ್ತವೆ. ಘೋರ ಅಪರಾಧ ಅಂದರೆ ಕನಿಷ್ಠ ಶಿಕ್ಷೆಯೇ 7 ವರ್ಷ ಅಥವಾ ಅದಕ್ಕಿಂತ ಜಾಸ್ತಿ ಇರುವಂಥದ್ದು. ಕೊಲೆ, ಅತ್ಯಾಚಾರ, 20 ಕೆಜಿ ದಾಟಿದ ಗಾಂಜಾ. ನಡುವಿನದು ಗಂಭೀರ ಅಪರಾಧ. ದರೋಡೆಯಂಥವು. ಗರಿಷ್ಠ ಶಿಕ್ಷೆ 7 ವರ್ಷ ದಾಟಿದ್ದರೂ ಕನಿಷ್ಠ ಇಷ್ಟು ಎಂದು ಕಾನೂನು ಹೇಳದೆ ಇದ್ದರೆ ಅದು ಈ ನಡುವಿನ ಗುಂಪಿಗೇ ಸೇರುತ್ತದೆ. ಇದು ಮೊದಲು ಗೊಂದಲವಾಗಿತ್ತು. 2020ರಲ್ಲಿ ಸುಪ್ರೀಂ ಕೋರ್ಟ್ ಬಿಡಿಸಿ ಹೇಳಿತು, 2021ರ ತಿದ್ದುಪಡಿ ಅದನ್ನೇ ಕಾಯ್ದೆಗೆ ಸೇರಿಸಿತು. ಆದ್ದರಿಂದ "ಹತ್ತು ವರ್ಷದ ಕೇಸು ಕಣ್ರೀ" ಎಂದು ಯಾರಾದರೂ ಹೆದರಿಸಿದರೆ, "ಗರಿಷ್ಠ ಹತ್ತಾ, ಕನಿಷ್ಠ ಹತ್ತಾ?" ಅಂತ ಕೇಳಿ. ಎಲ್ಲವೂ ಆ ಒಂದು ಪದದ ಮೇಲೆ ನಿಂತಿದೆ.

ಮಾದರಿ ನಿಯಮಗಳ ಪ್ರಕಾರ ಎಫ್‌ಐಆರ್ ಆಗುವುದು ಘೋರ ಅಪರಾಧದಲ್ಲಿ, ಇಲ್ಲವೇ ಮಗು ದೊಡ್ಡವರ ಜೊತೆ ಸೇರಿ ಮಾಡಿದ ಆರೋಪವಿದ್ದಾಗ. ಉಳಿದವಕ್ಕೆ ಸ್ಟೇಷನ್ ಡೈರಿಯಲ್ಲಿ ಬರೆದು, ಹುಡುಗನ ಮನೆ-ಓದು-ಹಿನ್ನೆಲೆಯ ಒಂದು ವರದಿ ಮಾಡಿ ಇಂಥ ಮಕ್ಕಳ ಕೇಸ್ ನಡೆಸುವ ಬಾಲ ನ್ಯಾಯ ಮಂಡಳಿಗೆ ಕಳಿಸಬೇಕು. ಇಂಥ ದಿನ ಮಗನನ್ನು ಕರೆದುಕೊಂಡು ಬನ್ನಿ ಎಂದು ಅಪ್ಪ-ಅಮ್ಮನಿಗೆ ತಿಳಿಸಬೇಕು. ಸಣ್ಣ ಅಪರಾಧಕ್ಕೆ ಮಗುವನ್ನು ಹಿಡಿದು ಇಟ್ಟುಕೊಳ್ಳುವ ಅಗತ್ಯವೇ ಸಾಮಾನ್ಯವಾಗಿ ಇಲ್ಲ. ಹಾಗಾಗಿ ಮನೆಗೆ ಕಳಿಸಿ ಎಂದು ಕೇಳುವುದು ಮೆಹರ್ಬಾನಿ ಬೇಡುವುದಲ್ಲ.

ಒಂದೇ ಗಲಾಟೆಯಲ್ಲಿ 19ರ ಅಣ್ಣನೂ 16ರ ತಮ್ಮನೂ ಸಿಕ್ಕಿಬಿದ್ದರೆ? ಇಬ್ಬರ ಕೇಸೂ ಬೇರೆಯಾಗುತ್ತದೆ. ಅಣ್ಣ ಕೋರ್ಟಿಗೆ, ತಮ್ಮ ಮಂಡಳಿಗೆ. ಜಾಮೀನು, ತಾರೀಖು ಎಲ್ಲವೂ ಬೇರೆ. ಮನೆಯವರು ಎರಡನ್ನೂ ಒಂದೇ ಎಂದುಕೊಂಡು ಒಬ್ಬ ಮಗನ ತಾರೀಖು ತಪ್ಪಿಸಿಕೊಳ್ಳುವುದನ್ನು ನೋಡಿದ್ದೇನೆ. ಡೈರಿಯಲ್ಲಿ ಎರಡು ಪುಟ ಇಡಿ. ದೊಡ್ಡವರೇ ಹುಡುಗನ ಕೈಯಲ್ಲಿ ಕಳ್ಳತನ ಮಾಡಿಸಿದ್ದರೆ, ಗಾಂಜಾ ಸಾಗಿಸಿದ್ದರೆ ಅದನ್ನು ಮುಚ್ಚಿಡಬೇಡಿ. ಮಕ್ಕಳನ್ನು ಹೀಗೆ ಬಳಸಿಕೊಂಡವರಿಗೆ 7 ವರ್ಷದವರೆಗೆ ಜೈಲು, 5 ಲಕ್ಷ ದಂಡ ಇದೆ.

24 ಗಂಟೆ

ಹಿಡಿದ ಹೊತ್ತಿನಿಂದ 24 ಗಂಟೆಯೊಳಗೆ ಮಂಡಳಿ ಮುಂದೆ ನಿಲ್ಲಿಸಬೇಕು. ಪ್ರಯಾಣದ ಸಮಯ ಇದರಲ್ಲಿ ಸೇರುವುದಿಲ್ಲ. "ಇವತ್ತು ಮಂಡಳಿ ಕೂರಲ್ಲ, ಸೋಮವಾರ ನೋಡೋಣ" ಎಂಬ ಮಾತು ನಡೆಯದು. ಮಂಡಳಿ ಕೂರದ ದಿನ ಅದರ ಒಬ್ಬ ಸದಸ್ಯರ ಮುಂದಾದರೂ ಹಾಜರುಪಡಿಸಬಹುದು ಎಂದು ಕಾಯ್ದೆಯಲ್ಲೇ ಇದೆ. ಠಾಣೆಯವರೇ ಜಾಮೀನಿನ ಮೇಲೆ ಬಿಡಬಹುದು. ಬಿಡದಿದ್ದರೆ ಅಷ್ಟು ಹೊತ್ತು ಅವನನ್ನು ವೀಕ್ಷಣಾಲಯದಲ್ಲಿ ಮಾತ್ರ ಇಡಬೇಕು. ಜನ ಇವತ್ತಿಗೂ ರಿಮ್ಯಾಂಡ್ ಹೋಂ ಅನ್ನುವುದು ಇದಕ್ಕೇ.

ಹುಡುಗನನ್ನು ಎಷ್ಟು ಗಂಟೆಗೆ ಕರೆತಂದರು ಎಂದು ಅವನನ್ನೇ ಕೇಳಿ ಬರೆದಿಟ್ಟುಕೊಳ್ಳಿ. ನಿಮಗೆ ಫೋನ್ ಬಂದ ಸಮಯ ಮೊಬೈಲಿನಲ್ಲಿ ಹೇಗೂ ಇರುತ್ತದೆ. ಕಾಗದದಲ್ಲಿ ಬರೆದ ಹೊತ್ತಿಗೂ ನಿಜವಾದ ಹೊತ್ತಿಗೂ ಹತ್ತು ಹನ್ನೆರಡು ಗಂಟೆ ಅಂತರ ಬಂದಾಗ ಈ ಸಣ್ಣ ಟಿಪ್ಪಣಿ ದೊಡ್ಡ ಕೆಲಸ ಮಾಡುತ್ತದೆ.

ಮಂಡಳಿ ಮುಂದೆ

ಬಾಲ ನ್ಯಾಯ ಮಂಡಳಿಯನ್ನು ಮಕ್ಕಳ ಕಲ್ಯಾಣ ಸಮಿತಿ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಅನಾಥ ಮಕ್ಕಳು, ದುಡಿಮೆಯಿಂದ ಬಿಡಿಸಿದ ಮಕ್ಕಳು, ದೌರ್ಜನ್ಯಕ್ಕೆ ಒಳಗಾದ ಮಕ್ಕಳು ಹೋಗುವುದು ಸಮಿತಿಗೆ. ಆರೋಪ ಹೊತ್ತ ಮಕ್ಕಳು ಹೋಗುವುದು ಮಂಡಳಿಗೆ. ಏಳು ವರ್ಷದೊಳಗಿನ ಮಗು ಮಾಡಿದ್ದು ಕಾನೂನಿನಲ್ಲಿ ಅಪರಾಧವೇ ಅಲ್ಲ, ಆ ಮಾತು ಬೇರೆ.

ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು ಇರುತ್ತಾರೆ. ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆ. ಎತ್ತರದ ಪೀಠ, ಕಟಕಟೆ ಇರಬಾರದು, ಮಗುವಿನ ಜೊತೆ ಎದುರು ಬದುರು ಕೂತು ಮಾತಾಡಬೇಕು ಎಂಬುದು ನಿಯಮ. ಇಲ್ಲಿ ಹುಡುಗನೇ ಬಾಯಿ ಬಿಡಬೇಕು. ಅಪ್ಪ ಅಡ್ಡ ಬಾಯಿ ಹಾಕಿ "ಸಾರ್ ಅವನು ಹೀಗೇ, ನಮ್ಮ ಮಾತೇ ಕೇಳಲ್ಲ" ಎಂದು ಗೋಳಾಡಿದರೆ ಜಾಮೀನನ್ನು ಅವರೇ ಕೈಯಾರೆ ತಳ್ಳಿಕೊಂಡಂತೆ. ಯಾಕೆ ಎಂದು ಈಗ ಹೇಳುತ್ತೇನೆ. ಸ್ಟೇಷನ್ನಿನಲ್ಲಿ ಹೊಡೆದಿದ್ದರೆ ಇದೇ ಜಾಗದಲ್ಲಿ, ಮೊದಲ ದಿನವೇ ಹೇಳಬೇಕು. ಗಾಯ ತೋರಿಸಬೇಕು.

ಜಾಮೀನಿನ ವಿಷಯದಲ್ಲಿ ಮಕ್ಕಳಿಗೆ ಜಾಮೀನು ಸಿಗುವ ಅಪರಾಧ, ಸಿಗದ ಅಪರಾಧ ಎಂಬ ಭೇದ ಇಲ್ಲ. 12ನೇ ಕಲಮಿನ ಪ್ರಕಾರ ಬಿಡುವುದೇ ನಿಯಮ. ಶೂರಿಟಿ ಇಲ್ಲದೆಯೂ ಬಿಡಬಹುದು. ತಡೆಯಲು ಮೂರೇ ಕಾರಣ: ಹೊರಗೆ ಹೋದರೆ ಗೊತ್ತಿರುವ ಅಪರಾಧಿಗಳ ಸಹವಾಸಕ್ಕೆ ಬೀಳುತ್ತಾನೆ, ಅವನಿಗೇ ಅಪಾಯ ಇದೆ, ಅಥವಾ ಬಿಟ್ಟರೆ ನ್ಯಾಯದ ಉದ್ದೇಶ ಕೆಡುತ್ತದೆ. ತಡೆದರೆ ಕಾರಣ ಬರೆಯಬೇಕು. ನೋಡಿ, ಅಪರಾಧ ಎಷ್ಟು ದೊಡ್ಡದು ಎಂಬ ಪ್ರಶ್ನೆ ಈ ಮೂರರಲ್ಲಿ ಇಲ್ಲ. ಮೂರೂ ಸುತ್ತುವುದು "ಮನೆಗೆ ಕಳಿಸಿದರೆ ನೋಡಿಕೊಳ್ಳುವವರು ಇದ್ದಾರಾ?" ಎಂಬ ಒಂದೇ ಪ್ರಶ್ನೆಯ ಸುತ್ತ. ನಿಮ್ಮ ಮಾತೇ ಅವನು ಕೇಳುವುದಿಲ್ಲ ಎಂದು ನೀವೇ ಹೇಳಿದ ಮೇಲೆ ಮಂಡಳಿ ಯಾವ ಧೈರ್ಯದ ಮೇಲೆ ಕಳಿಸಬೇಕು?

ಆದ್ದರಿಂದ ಉತ್ತರ ಸಿದ್ಧ ಮಾಡಿಕೊಂಡು ಹೋಗಿ. ಶಾಲೆಯ ಹಾಜರಾತಿ, ಕ್ಲಾಸ್ ಟೀಚರ್ ಬರೆದುಕೊಟ್ಟ ನಾಲ್ಕು ಸಾಲು, ಕ್ರೀಡೆಯ ಸರ್ಟಿಫಿಕೇಟ್ ಇದ್ದರೆ ಅದೂ. ಹಗಲು ಮನೆಯಲ್ಲಿ ಯಾರಿರುತ್ತಾರೆ ಎಂದು ಹೇಳಿ. ಆ ಏರಿಯಾದ ಗೆಳೆಯರೇ ಸಮಸ್ಯೆ ಎಂದಾದರೆ, "ಆರು ತಿಂಗಳು ಅವರಜ್ಜಿ ಊರಲ್ಲಿ ಇಡ್ತೀವಿ, ಅಲ್ಲೇ ಕಾಲೇಜಿಗೆ ಹೋಗ್ತಾನೆ" ಎಂದು ಹೇಳಿದ ತಾಯಿಯೊಬ್ಬರು ಅವತ್ತೇ ಮಗನನ್ನು ಕರೆದುಕೊಂಡು ಹೋದರು. ಜಾಮೀನಿನ ಷರತ್ತು ಪೂರೈಸಲು ನಿಮ್ಮಿಂದ ಆಗದೆ ಏಳು ದಿನ ಕಳೆದರೆ ಮಗುವನ್ನು ಮತ್ತೆ ಮಂಡಳಿ ಮುಂದೆ ತಂದು ಷರತ್ತು ಬದಲಿಸಬೇಕು. ಶೂರಿಟಿಗೆ ಪಹಣಿ ಇಲ್ಲ ಎಂಬ ಕಾರಣಕ್ಕೆ ಹುಡುಗ ತಿಂಗಳುಗಟ್ಟಲೆ ಒಳಗೆ ಕೂರಬೇಕಿಲ್ಲ.

ಪರಿವೀಕ್ಷಣಾಧಿಕಾರಿ ಎಂಬ ಒಬ್ಬರು ನಿಮ್ಮ ಮನೆಗೆ ಬರುತ್ತಾರೆ, ಅಥವಾ ನಿಮ್ಮನ್ನು ಕರೆಸಿ ಮಾತಾಡುತ್ತಾರೆ. ಎರಡು ವಾರದಲ್ಲಿ ಸಾಮಾಜಿಕ ತನಿಖಾ ವರದಿ ಕೊಡುವುದು ಅವರ ಕೆಲಸ. ಅವರನ್ನು ಪೊಲೀಸ್ ಎಂದುಕೊಂಡು ಬಾಗಿಲು ಹಾಕಬೇಡಿ. ಮನೆಯಲ್ಲಿ ಕುಡಿತದ ಜಗಳ ಇದೆಯಾ, ಹುಡುಗ ಶಾಲೆ ಯಾಕೆ ಬಿಟ್ಟ, ಎಲ್ಲ ಇದ್ದದ್ದು ಇದ್ದಂತೆ ಹೇಳಿ. ಮಂಡಳಿ ಅತಿ ಹೆಚ್ಚು ತೂಕ ಕೊಡುವ ಕಾಗದಗಳಲ್ಲಿ ಇದೂ ಒಂದು.

ಇಲ್ಲಿಂದ ಮುಂದಿನದು ವಿಚಾರಣೆ. ಮೊದಲ ಹಾಜರಿಯಿಂದ ನಾಲ್ಕು ತಿಂಗಳಲ್ಲಿ ಮುಗಿಯಬೇಕು, ಎರಡು ತಿಂಗಳು ವಿಸ್ತರಿಸಬಹುದು. ಸಣ್ಣ ಅಪರಾಧವಾಗಿದ್ದು ಆಮೇಲೂ ಮುಗಿಯದಿದ್ದರೆ ಪ್ರಕರಣ ಅಲ್ಲಿಗೇ ನಿಂತುಹೋಗುತ್ತದೆ. ಹಾಗಂತ ಬೇಕೆಂದೇ ತಾರೀಖು ತಪ್ಪಿಸಬೇಡಿ, ಜಾಮೀನು ಹೋಗುತ್ತದೆ. ತಪ್ಪು ಸಾಬೀತಾದರೆ ಬುದ್ಧಿ ಹೇಳಿ ಮನೆಗೆ ಕಳಿಸುವುದರಿಂದ ಹಿಡಿದು ಆಪ್ತಸಲಹೆ, ಸಮುದಾಯ ಸೇವೆ, ಪೋಷಕರಿಗೆ ದಂಡ, ಮೂರು ವರ್ಷದವರೆಗೆ ಸನ್ನಡತೆಯ ನಿಗಾ, ಕೊನೆಯದಾಗಿ ವಿಶೇಷ ಗೃಹದಲ್ಲಿ ಹೆಚ್ಚೆಂದರೆ ಮೂರು ವರ್ಷ. ಆದೇಶ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಮೇಲ್ಮನವಿ ಹಾಕಬೇಕು.

16ರಿಂದ 18ರ ನಡುವೆ, ಘೋರ ಅಪರಾಧ

2012ರ ಡಿಸೆಂಬರ್‌ನ ದೆಹಲಿಯ ನಿರ್ಭಯಾ ಪ್ರಕರಣದಲ್ಲಿ ಒಬ್ಬ ಆರೋಪಿಗೆ 18 ತುಂಬಿರಲಿಲ್ಲ. ಅವನಿಗೆ ಆದದ್ದು ಮೂರು ವರ್ಷ. ದೇಶದ ಸಿಟ್ಟು ಸುಮ್ನೆ ಹೋಗಲಿಲ್ಲ, 2015ರ ಹೊಸ ಕಾಯ್ದೆಯಲ್ಲಿ ಒಂದು ಬಾಗಿಲು ತೆರೆಯಿತು. 16 ತುಂಬಿದವರ ಮೇಲೆ ಘೋರ ಅಪರಾಧದ ಆರೋಪವಿದ್ದರೆ, ಅವರನ್ನು ದೊಡ್ಡವರಂತೆ ವಿಚಾರಣೆ ಮಾಡಬೇಕೇ ಎಂದು ಮಂಡಳಿ ಮೊದಲು ಅಂದಾಜು ಮಾಡುತ್ತದೆ. ಅವನ ಮನಸ್ಸು-ದೇಹದ ಸಾಮರ್ಥ್ಯ, ಪರಿಣಾಮ ಅರ್ಥವಾಗುತ್ತಿತ್ತೇ, ಯಾವ ಸಂದರ್ಭದಲ್ಲಿ ನಡೆಯಿತು, ಇವನ್ನು ನೋಡಬೇಕು. ಮನಶ್ಶಾಸ್ತ್ರಜ್ಞರ ಸಹಾಯ ಪಡೆಯಬಹುದು. ಅವನು ಮಾಡಿದನೋ ಇಲ್ಲವೋ ಎಂಬ ತೀರ್ಮಾನ ಈ ಹಂತದಲ್ಲಿ ಅಲ್ಲ. ಇದಕ್ಕೆ ಮೂರು ತಿಂಗಳ ಗಡುವಿದೆ. ಆದರೆ ಗಡುವು ದಾಟಿತೆಂದು ಕೇಸ್ ಬಿದ್ದುಹೋಗುವುದಿಲ್ಲ. ಕರ್ನಾಟಕದಿಂದಲೇ ಹೋದ ಪ್ರಕರಣದಲ್ಲಿ 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹಾಗೆ ಹೇಳಿತು.

ದೊಡ್ಡವರಂತೆ ವಿಚಾರಣೆ ಆದರೂ ಮರಣದಂಡನೆ ಇಲ್ಲ, ಬಿಡುಗಡೆಯ ಆಸೆಯೇ ಇಲ್ಲದ ಜೀವಾವಧಿಯೂ ಇಲ್ಲ. 21ರ ತನಕ ಅವನನ್ನು ಜೈಲಿಗೆ ಕಳಿಸುವುದಿಲ್ಲ, 'ಸುರಕ್ಷಿತ ಸ್ಥಳ' ಎಂದು ಕಾಯ್ದೆ ಕರೆಯುವ ಬೇರೆ ಕೇಂದ್ರದಲ್ಲಿ ಇಡುತ್ತಾರೆ. ಈ ಹಂತಕ್ಕೆ ಬಂದರೆ ಮಕ್ಕಳ ಪ್ರಕರಣ ನಡೆಸಿ ಅನುಭವವಿರುವ ವಕೀಲರು ಬೇಕೇ ಬೇಕು. ಇಲ್ಲಿ ಮಾತ್ರ ಖರ್ಚಿನ ಮುಖ ನೋಡಬೇಡಿ.

ಘೋರ ಅಂದಾಗ ಕೊಲೆಗಡುಕ ಹುಡುಗರ ಚಿತ್ರ ಕಣ್ಣಿಗೆ ಬರುತ್ತದೆ ಅಲ್ವಾ? ಆದರೆ ಈ ಬಾಗಿಲಲ್ಲಿ ಪಿಯುಸಿ ಪ್ರೇಮಿಗಳೂ ನಿಂತಿರುತ್ತಾರೆ. 17ರ ಹುಡುಗ, 16ರ ಹುಡುಗಿ, ಇಬ್ಬರೂ ಊರು ಬಿಟ್ಟು ಹೋಗಿ ನಾಲ್ಕು ದಿನಕ್ಕೆ ಸಿಕ್ಕಿದರು. ಹುಡುಗಿ ಮನೆಯವರು ದೂರು ಕೊಟ್ಟರು. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೊ ಕಾಯ್ದೆಯಲ್ಲಿ 18ರೊಳಗಿನ ಹುಡುಗಿಯ ಒಪ್ಪಿಗೆಗೆ ಬೆಲೆ ಇಲ್ಲ. ದೈಹಿಕ ಸಂಪರ್ಕ ಆಗಿದ್ದರೆ 2019ರ ತಿದ್ದುಪಡಿಯ ನಂತರ ಕನಿಷ್ಠ ಶಿಕ್ಷೆ 10 ವರ್ಷ, ಹುಡುಗಿಗೆ 16 ತುಂಬಿರದಿದ್ದರೆ 20. ಕನಿಷ್ಠ 7 ದಾಟಿತು, ಘೋರ ಆಯಿತು. ನಮ್ಮ ಹೈಕೋರ್ಟಿನ ಧಾರವಾಡ ಪೀಠ 2022ರಲ್ಲಿ ಒಪ್ಪಿಗೆಯ ವಯಸ್ಸನ್ನು ಮತ್ತೆ ಯೋಚಿಸಿ ಎಂದು ಕಾನೂನು ಆಯೋಗಕ್ಕೆ ಹೇಳಿತು. ಆಯೋಗ 2023ರಲ್ಲಿ ವಯಸ್ಸು ಇಳಿಸುವುದು ಬೇಡ ಎಂದಿತು. ಹಾಗಾಗಿ ಕಾನೂನು ಇದ್ದಲ್ಲೇ ಇದೆ.

ಇಂಥ ಕೇಸಿನಲ್ಲಿ ಹುಡುಗಿ ಮನೆಗೆ ಹೋಗಿ ರಾಜಿ ಮಾತಾಡಬೇಡಿ, ಮಧ್ಯಸ್ಥರನ್ನೂ ಕಳಿಸಬೇಡಿ. ಪೋಕ್ಸೊ ಕೇಸನ್ನು ಎರಡು ಮನೆಯವರು ಕೂತು ರಾಜಿಯಾಗಿ ಮುಗಿಸುವಂತಿಲ್ಲ, ಬೆದರಿಸಿದರು ಎಂಬ ದೂರು ಮಾತ್ರ ಹೆಚ್ಚಾಗುತ್ತದೆ. ಹುಡುಗಿಯ ಹೆಸರು, ಫೋಟೋ ನಿಮ್ಮ ಮನೆಯಿಂದ ಹೊರಗೆ ಹೋಗಬಾರದು. ಇನ್ನು, ಮನೆಯಲ್ಲಿ 16-17ರ ಮಕ್ಕಳಿರುವವರು ಈ 10 ಮತ್ತು 20 ವರ್ಷದ ಲೆಕ್ಕವನ್ನು ಅವರಿಗೆ ಒಮ್ಮೆ ನೇರವಾಗಿ ಹೇಳಿ. ನಾಚಿಕೆ ಆಗುತ್ತದೆ, ನನಗೂ ನನ್ನ ಮಗನ ಹತ್ತಿರ ಹೇಳುವಾಗ ಆಯಿತು. ಅವನು ಕಿವಿಯಿಂದ ಇಯರ್‌ಫೋನ್ ತೆಗೆದದ್ದು ಆ ಒಂದು ಸಲ ಮಾತ್ರ.

ಸ್ಕೂಟಿ ಕೀ

ಇದರಲ್ಲಿ ಸಿಕ್ಕಿಬೀಳುವುದು ಮಕ್ಕಳಿಗಿಂತ ನೀವು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 199ಎ ಕಲಮು ಸೇರಿತು. 18 ತುಂಬದವರು ಗಾಡಿ ಓಡಿಸಿ ತಪ್ಪು ಮಾಡಿದರೆ ಪೋಷಕರು ಅಥವಾ ಗಾಡಿ ಮಾಲೀಕರೇ ತಪ್ಪಿತಸ್ಥರು ಎಂದು ಕಾನೂನು ಭಾವಿಸುತ್ತದೆ. 3 ವರ್ಷದವರೆಗೆ ಜೈಲು, 25 ಸಾವಿರ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ತುಂಬುವ ತನಕ ಎಲ್‌ಎಲ್, ಅಂದರೆ ಗಾಡಿ ಕಲಿಯುವವರ ಲೈಸೆನ್ಸ್ ಕೂಡ ಸಿಗುವುದಿಲ್ಲ. "ನನಗೆ ಗೊತ್ತಿಲ್ಲದೆ ತಗೊಂಡು ಹೋದ" ಎಂದು ವಾದಿಸಬಹುದು, ಆದರೆ ಸಾಬೀತು ಮಾಡಬೇಕಾದವರು ನೀವು. ದಿನಾ ಅದೇ ಸ್ಕೂಟಿಯಲ್ಲಿ ಕಾಲೇಜಿಗೆ ಹೋಗುತ್ತಿದ್ದದ್ದು ರಸ್ತೆಯ ಸಿಸಿಟಿವಿಗೆ ಗೊತ್ತಿರುತ್ತದೆ. 16 ತುಂಬಿದವರಿಗೆ ಲೈಸೆನ್ಸ್ ಸಿಗುವುದು 50 ಸಿಸಿಯೊಳಗಿನ ಗೇರಿಲ್ಲದ ಗಾಡಿಗೆ. ನಿಮ್ಮ ಮನೆ ಮುಂದೆ ನಿಂತಿರುವ 110ರ ಸ್ಕೂಟಿ ಆ ಲೆಕ್ಕಕ್ಕೆ ಬರುವುದಿಲ್ಲ.

2024ರ ಮೇನಲ್ಲಿ ಪುಣೆಯಲ್ಲಿ 17ರ ಹುಡುಗನ ಕಾರು ಇಬ್ಬರು ಟೆಕ್ಕಿಗಳ ಜೀವ ತೆಗೆಯಿತು. ಮಂಡಳಿ ಮೊದಲ ದಿನ 300 ಪದದ ಪ್ರಬಂಧ ಬರೆ ಎಂದು ಜಾಮೀನು ಕೊಟ್ಟಾಗ ಊರೆಲ್ಲ ಸಿಟ್ಟಾಯಿತು. ಪ್ರಬಂಧದ ಸುದ್ದಿ ಎಲ್ಲರಿಗೂ ನೆನಪಿದೆ. ಕಾರು ಕೊಟ್ಟದ್ದಕ್ಕೆ ಆ ಹುಡುಗನ ತಂದೆಯನ್ನೂ ಬಂಧಿಸಿದ್ದು ಅಷ್ಟಾಗಿ ಯಾರಿಗೂ ನೆನಪಿಲ್ಲ.

ಹೆಸರು ಹೊರಗೆ ಬರದಂತೆ

ಆರೋಪ ಹೊತ್ತ ಮಗುವಿನ ಹೆಸರು, ಫೋಟೋ, ಮನೆ ವಿಳಾಸ, ಶಾಲೆಯ ಹೆಸರು ಯಾವುದನ್ನೂ ಪ್ರಕಟಿಸಬಾರದು. ತಪ್ಪಿದರೆ 6 ತಿಂಗಳವರೆಗೆ ಜೈಲು, 2 ಲಕ್ಷದವರೆಗೆ ದಂಡ, ಅಥವಾ ಎರಡೂ. ಪೇಪರಿನವರಿಗೆ ಇದು ಗೊತ್ತಿದೆ. ಗೊತ್ತಿಲ್ಲದಿರುವುದು ಬಡಾವಣೆಯ ವಾಟ್ಸಾಪ್ ಗ್ರೂಪಿಗೆ. ಯಾರಾದರೂ ಹಾಕಿದರೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಅಡ್ಮಿನ್‌ಗೆ ಈ ಕಲಮು ಕಳಿಸಿ. 74ನೇದು. ಸಾಮಾನ್ಯವಾಗಿ ಐದು ನಿಮಿಷದಲ್ಲಿ ಅಳಿಸಿ ಹೋಗುತ್ತದೆ. ನಿಮ್ಮ ಮಗನಲ್ಲ, ಪಕ್ಕದ ಬೀದಿಯ ಹುಡುಗನಾದರೂ ಇದನ್ನೇ ಮಾಡಿ.

ಪ್ರಕರಣ ಮುಗಿದ ಮೇಲೆ ಅದರ ಕಳಂಕ ಅವನ ಓದಿಗೆ, ಕೆಲಸಕ್ಕೆ ಅಂಟಬಾರದು ಎಂದು 24ನೇ ಕಲಮು ಹೇಳುತ್ತದೆ. ಮೇಲ್ಮನವಿಯ ಅವಧಿ ಕಳೆದ ಮೇಲೆ ದಾಖಲೆಗಳನ್ನು ನಾಶ ಮಾಡಬೇಕು. 16 ದಾಟಿದವರು ಘೋರ ಅಪರಾಧದಲ್ಲಿ ದೊಡ್ಡವರಂತೆ ವಿಚಾರಣೆಯಾಗಿ ತಪ್ಪಿತಸ್ಥರಾದರೆ ಮಾತ್ರ ಈ ರಕ್ಷಣೆ ಇಲ್ಲ. ಆದರೆ ನಾಶ ತಾನಾಗಿ ಆಗುತ್ತದೆ ಎಂದು ಕೂರಬೇಡಿ. ಅವಧಿ ಮುಗಿದ ಮೇಲೆ ವಕೀಲರ ಮೂಲಕ ಮಂಡಳಿಗೆ ಒಂದು ಅರ್ಜಿ ಕೊಡಿ. ಠಾಣೆಯ ದಾಖಲೆಗೂ ಅದು ತಲುಪಲಿ ಎಂದು ಅದರಲ್ಲೇ ಬರೆಯಿರಿ. ನಾಲ್ಕು ವರ್ಷದ ನಂತರ ಪಾಸ್‌ಪೋರ್ಟ್ ಅಥವಾ ಸರ್ಕಾರಿ ಕೆಲಸಕ್ಕೆ ಪೊಲೀಸ್ ವೆರಿಫಿಕೇಷನ್ ಬಂದಾಗ ಹಳೆಯ ರಿಜಿಸ್ಟರಿನ ಒಂದು ಸಾಲು ತಲೆ ಎತ್ತುವುದು ಹೀಗೆ ಬಿಟ್ಟಾಗಲೇ. ಅರ್ಜಿ ನಮೂನೆಯಲ್ಲಿ "ನಿಮ್ಮ ಮೇಲೆ ಕೇಸ್ ಇತ್ತೇ" ಎಂಬ ಕಾಲಂ ಬಂದರೆ ತಾನೇ ತೀರ್ಮಾನಿಸಿ ಬರೆಯುವ ಮೊದಲು ಅವನು ವಕೀಲರನ್ನು ಕೇಳಲಿ.

ಮಂಡಳಿಯ ಅಂತಿಮ ಆದೇಶದ ದೃಢೀಕೃತ ಪ್ರತಿ ಒಂದನ್ನು ಮಾತ್ರ ತೆಗೆದಿಟ್ಟುಕೊಳ್ಳಿ. ಅದೇ ಬೀರುವಿನಲ್ಲಿ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಕೆಳಗೆ.